ಸುಟ್ಟ ಆಂಪ್ಲಿಫೈಯರ್ ರಿಪೇರಿ: ಔಟ್‌ಪುಟ್ ಟ್ರಾನ್ಸಿಸ್ಟರ್ ಯಾಕೆ ಹೋಯಿತು, ಬದಲಿಗೆ ಯಾವುದು ಹಾಕಬೇಕು

ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ರಿಪೇರಿ ಅಂಗಡಿಗಳಲ್ಲಿ ಆಂಪ್ಲಿಫೈಯರ್‌ಗಳು ಸಾಲುಗಟ್ಟುತ್ತವೆ. ಮಳೆಗಾಲವಿಡೀ ಅಟ್ಟದ ಮೇಲೋ ದೇವಸ್ಥಾನದ ಉಗ್ರಾಣದಲ್ಲೋ ಬಿದ್ದಿದ್ದ ಸೆಟ್ಟಿಗೆ ಸ್ವಿಚ್ ಹಾಕಿದ ಕೂಡಲೇ ಫ್ಯೂಸ್ ಹೋಗುತ್ತದೆ. ಬಿಚ್ಚಿ ನೋಡಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್. ಅದೇ ನಂಬರಿನದ್ದು ಹೊಸತು ತಂದು ಹಾಕಿ ಆನ್ ಮಾಡಿದರೆ ಅರೆಕ್ಷಣದಲ್ಲಿ ಅದೂ ಶಾರ್ಟ್. ಈ ಕೆಲಸದಲ್ಲಿ ಅತಿ ಹೆಚ್ಚು ದುಡ್ಡು ಹಾಳಾಗುವುದು ಇಲ್ಲೇ. ಔಟ್‌ಪುಟ್ ಟ್ರಾನ್ಸಿಸ್ಟರ್ ತಾನಾಗಿ ಸಾಯುವುದು ಕಡಿಮೆ, ಬೇರೆ ಯಾವುದೋ ಅದನ್ನು ಕೊಂದಿರುತ್ತದೆ. ಆ ಕಾರಣ ಬೋರ್ಡಿನಲ್ಲಿ ಇರುವ ತನಕ ಎಷ್ಟು ಹೊಸ ಟ್ರಾನ್ಸಿಸ್ಟರ್ ಹಾಕಿದರೂ ಅಷ್ಟೂ ಹೋಗುತ್ತವೆ.

ಮಲೆನಾಡಿನ ಊರುಗಳಲ್ಲಿ ಹೆಚ್ಚಾಗಿ ಓಡುವ 50ರಿಂದ 300 ವ್ಯಾಟ್‌ಗಳ ಪಿಎ ಸೆಟ್ಟು (ಸಭೆ, ಜಾತ್ರೆಗೆ ಬಳಸುವ ಧ್ವನಿವರ್ಧಕದ ಸೆಟ್ಟು), ಆರ್ಕೆಸ್ಟ್ರಾ ಆಂಪ್ಲಿಫೈಯರ್, ಮನೆಯ ಅಸೆಂಬಲ್ಡ್ ಸ್ಟೀರಿಯೊ, ಇಷ್ಟಕ್ಕೆ ಇಲ್ಲಿನ ಕ್ರಮ ಸಾಕು. ಔಟ್‌ಪುಟ್ ಅನ್ನು ಅತಿವೇಗವಾಗಿ ಆನ್-ಆಫ್ ಮಾಡಿ ಓಡುವ ಕ್ಲಾಸ್-ಡಿ ಬೋರ್ಡುಗಳ ದಾರಿಯೇ ಬೇರೆ, ಅವಕ್ಕೆ ಇದನ್ನು ಹಚ್ಚಬೇಡಿ.

ಬಿಚ್ಚುವ ಮೊದಲು

ತಂದವರನ್ನು ಕೇಳಲೇಬೇಕಾದ ಪ್ರಶ್ನೆಗಳು ಮೂರು. ಹೋಗುವಾಗ ಜನರೇಟರ್‌ನಲ್ಲಿ ಓಡುತ್ತಿತ್ತೋ ಲೈನಿನಲ್ಲೋ? ಸ್ಪೀಕರ್ ಅಥವಾ ಹಾರ್ನ್ ಎಷ್ಟು ಹಾಕಿದ್ದರು, ಯಾವ ಟರ್ಮಿನಲ್‌ಗೆ? ಗುಡುಗು ಇತ್ತೇ? ತೋಟದ ನಡುವೆ ಹಾದುಹೋಗುವ ವಿದ್ಯುತ್ ಲೈನಿನ ಮೇಲೆ ಗಾಳಿಮಳೆಗೆ ಕೊಂಬೆ ಬಿದ್ದು ನ್ಯೂಟ್ರಲ್ ಕಡಿದರೆ, 230 ಇರಬೇಕಾದ ಕಡೆ 400ರ ಹತ್ತಿರದ ವೋಲ್ಟೇಜ್ ಬರಬಹುದು. ಆಗ ಟ್ರಾನ್ಸ್‌ಫಾರ್ಮರ್, ಫಿಲ್ಟರ್ ಕೆಪಾಸಿಟರ್, ಟ್ರಾನ್ಸಿಸ್ಟರ್ ಮೂರನ್ನೂ ಅನುಮಾನದಿಂದ ನೋಡಬೇಕು. ಸ್ಪೀಕರ್ ತಂತಿ ಶಾರ್ಟ್ ಆಗಿ ಹೋಗಿದ್ದರೆ ಹಾನಿ ಸಾಮಾನ್ಯವಾಗಿ ಔಟ್‌ಪುಟ್ ಮತ್ತು ಡ್ರೈವರ್‌ಗೆ (ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ಓಡಿಸುವ ಚಿಕ್ಕ ಟ್ರಾನ್ಸಿಸ್ಟರ್) ನಿಂತಿರುತ್ತದೆ.

ಮೇನ್ಸ್ ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವುದು ಕೆಪಾಸಿಟರ್‌ಗೂ ಕೆಟ್ಟದ್ದು, ಕಣ್ಣಿಗೂ ಕೆಟ್ಟದ್ದು. 470 ಓಮ್, 10 ವ್ಯಾಟ್ ಸಿಮೆಂಟ್ ರೆಸಿಸ್ಟರ್‌ನ ಎರಡು ತುದಿಗೆ ಇನ್ಸುಲೇಶನ್ ಇರುವ ತಂತಿ, ಕ್ಲಿಪ್ ಹಾಕಿ ಇಟ್ಟುಕೊಳ್ಳಿ. 10,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದರಲ್ಲಿ ಸುಮಾರು 25 ಸೆಕೆಂಡಿಗೆ ಖಾಲಿಯಾಗುತ್ತದೆ. ಪ್ಲಸ್ ರೈಲು, ಮೈನಸ್ ರೈಲು (ಬೋರ್ಡಿಗೆ ಕರೆಂಟ್ ಕೊಡುವ ಪ್ಲಸ್, ಮೈನಸ್ ಸಪ್ಲೈ ಲೈನು) ಎರಡನ್ನೂ ಖಾಲಿ ಮಾಡಿ, ಮೀಟರ್‌ನಲ್ಲಿ 1 ವೋಲ್ಟ್‌ಗಿಂತ ಕೆಳಗೆ ಬಂದಿದ್ದನ್ನು ನೋಡಿದ ಮೇಲೆ ಕೈ ಹಾಕಿ.

ಜೊತೆಗೆ ಬೇಕಾದದ್ದು ಸೀರೀಸ್ ಲ್ಯಾಂಪ್. ಹಳೇ ಕಾಲದ ಫಿಲಮೆಂಟ್ ಬಲ್ಬು, 60 ಮತ್ತು 100 ವ್ಯಾಟ್‌ನದ್ದು ಒಂದೊಂದು, ಹೋಲ್ಡರ್‌ನೊಂದಿಗೆ ಫೇಸ್ ತಂತಿಗೆ ಸರಣಿಯಲ್ಲಿ. ಎಲ್‌ಇಡಿ, ಸಿಎಫ್‌ಎಲ್ ಈ ಕೆಲಸಕ್ಕೆ ಬಾರವು. ಫಿಲಮೆಂಟ್ ಬಲ್ಬು ಸಿಗುವುದು ಈಗ ಕಷ್ಟವಾಗುತ್ತಿದೆ, ಸಿಕ್ಕಿದಾಗ ನಾಲ್ಕು ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಬಲ್ಬು ಕರೆಂಟನ್ನು ಮಿತಿಯಲ್ಲಿಡುತ್ತದೆ, ಶಾಕ್ ತಡೆಯುವುದಿಲ್ಲ. ಒಳಗಿನ ಮೇನ್ಸ್ ಭಾಗ ಆಗಲೂ ಅಷ್ಟೇ ಅಪಾಯದ್ದು.

ಮಳೆಗಾಲ ಬಿಟ್ಟುಹೋದ ಗುರುತು

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ. ಹೊಸನಗರ, ತೀರ್ಥಹಳ್ಳಿ ಕಡೆಯೂ ನಾಲ್ಕು ತಿಂಗಳು ಮನೆಯೊಳಗಿನ ಗೋಡೆಯೇ ಥಂಡಿ ಹಿಡಿದಿರುತ್ತದೆ. ಹಾಗಾಗಿ ಇಲ್ಲಿನ ಸೆಟ್ಟುಗಳಲ್ಲಿ ಮೀಟರ್ ಹಿಡಿಯುವ ಮೊದಲು ಕಣ್ಣಿನ ಕೆಲಸವೇ ದೊಡ್ಡದು. ಟಾರ್ಚ್ ಹಿಡಿದು ಬೋರ್ಡನ್ನು ಓರೆಯಾಗಿ ನೋಡಿ. ಟ್ರಾನ್ಸಿಸ್ಟರ್ ಕಾಲಿನ ಬುಡದಲ್ಲಿ ಹಸಿರು ಕಿಲುಬು, ಹೀಟ್‌ಸಿಂಕ್ ಮತ್ತು ಮೈಕಾ ನಡುವೆ ಬೂಷ್ಟು, ಟ್ರಾನ್ಸ್‌ಫಾರ್ಮರ್‌ನ ಬಿಸಿಗೆ ಬಂದು ಸೇರಿದ ಇರುವೆ ಗೂಡು, ಫ್ಯೂಸ್ ಹೋಲ್ಡರ್ ಅಡ್ಡ ಸತ್ತ ಹಲ್ಲಿ, ಇಲಿ ಕಡಿದ ತಂತಿ ಎಲ್ಲವೂ ಇಲ್ಲಿ ಮಾಮೂಲು. ಕೆಪಾಸಿಟರ್ ಅಲುಗದಂತೆ ಕಾರ್ಖಾನೆಯಲ್ಲಿ ಹಾಕಿದ ಅಂಟು ವರ್ಷಗಳ ಬಿಸಿಗೆ ಕಂದುಬಣ್ಣಕ್ಕೆ ತಿರುಗಿ, ಥಂಡಿ ಸೇರಿದಾಗ ಕರೆಂಟ್ ಹರಿಸುತ್ತದೆ, ಕೆಳಗಿನ ಕಾಲುಗಳನ್ನೂ ತಿನ್ನುತ್ತದೆ. ಅದನ್ನು ಚಾಕುವಿನ ತುದಿಯಿಂದ ಪೂರ್ತಿ ಕೆರೆದು ತೆಗೆಯಿರಿ.

ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಒಂದು ಹಗಲು ಬಿಸಿಲಿನಲ್ಲಿಡಿ. ಬಿಸಿಲಿಲ್ಲದಿದ್ದರೆ ಹೇರ್ ಡ್ರೈಯರ್, ಅದೂ ಕೈ ತಡೆಯುವಷ್ಟು ಬಿಸಿಯಲ್ಲಿ ಮಾತ್ರ. ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸುವುದು ಬೇಡ. ಹೊಗೆಯ ಜಿಡ್ಡು ಬೋರ್ಡ್ ಮೇಲೆ ಕೂತು ಮುಂದಿನ ಮಳೆಗಾಲದಲ್ಲಿ ಇನ್ನಷ್ಟು ತೇವ ಹಿಡಿಯುತ್ತದೆ.

ಫ್ಯೂಸ್ ಹೋಲ್ಡರ್‌ನಲ್ಲಿ ಫ್ಯೂಸ್ ಬದಲು ದಪ್ಪ ತಂತಿ ಸುತ್ತಿದ್ದರೆ, ಹಿಂದೆ ಯಾರೋ ಕಾರಣ ಹುಡುಕದೆ ಕೆಲಸ ಮುಗಿಸಿದ್ದಾರೆ ಎಂದು ತಿಳಿಯಿರಿ. ಅಂಥ ಸೆಟ್ಟಿನಲ್ಲಿ ಟ್ರಾನ್ಸ್‌ಫಾರ್ಮರ್ ವಾಸನೆಯನ್ನೂ ನೋಡಿ, ಅರಗು ಸುಟ್ಟ ವಾಸನೆ ಬಂದರೆ ಮುಂದಿನ ಖರ್ಚಿಗೆ ಮೊದಲು ಮಾಲೀಕರಿಗೆ ಹೇಳಿ.

ಮೀಟರ್ ಹಿಡಿದು

ಟ್ರಾನ್ಸಿಸ್ಟರ್‌ಗೆ ಬೇಸ್, ಕಲೆಕ್ಟರ್, ಎಮಿಟರ್ ಎಂದು ಮೂರು ಕಾಲು. ಎನ್‌ಪಿಎನ್, ಪಿಎನ್‌ಪಿ ಎಂದು ಎರಡು ಬಗೆ, ಎರಡರಲ್ಲಿ ಕರೆಂಟ್ ಹರಿಯುವ ದಿಕ್ಕು ವಿರುದ್ಧ. ಮೀಟರ್ ಅನ್ನು ಡಯೋಡ್ ರೇಂಜಿಗೆ ಹಾಕಿ. ಒಳ್ಳೆಯ ಎನ್‌ಪಿಎನ್ ಪವರ್ ಟ್ರಾನ್ಸಿಸ್ಟರ್‌ನ ಬೇಸ್‌ಗೆ ಕೆಂಪು ಪ್ರೋಬ್ ಇಟ್ಟರೆ ಎಮಿಟರ್ ಕಡೆಗೂ ಕಲೆಕ್ಟರ್ ಕಡೆಗೂ 0.45ರಿಂದ 0.65 ವೋಲ್ಟ್ ತೋರಿಸುತ್ತದೆ. ಪ್ರೋಬ್ ತಿರುಗಿಸಿದರೆ ಓಪನ್. ಕಲೆಕ್ಟರ್–ಎಮಿಟರ್ ನಡುವೆ ಎರಡೂ ದಿಕ್ಕಿಗೆ ಓಪನ್. ಪಿಎನ್‌ಪಿಗೆ ಇದೇ ಉಲ್ಟಾ. ಬೇಸ್–ಎಮಿಟರ್ ಓದು ಬೇಸ್–ಕಲೆಕ್ಟರ್ ಓದಿಗಿಂತ ಕೆಲವು ಮಿಲಿವೋಲ್ಟ್ ಹೆಚ್ಚಿರುತ್ತದೆ. ನಂಬರ್ ಅಳಿಸಿಹೋದ ಟ್ರಾನ್ಸಿಸ್ಟರ್‌ನ ಕಾಲು ಗುರುತಿಸಲು ಇಷ್ಟೇ ಸಾಕು: ಉಳಿದೆರಡಕ್ಕೂ ಓದು ಕೊಡುವ ಕಾಲು ಬೇಸ್, ಅದರಿಂದ ಹೆಚ್ಚಿನ ಓದು ಕೊಡುವುದು ಎಮಿಟರ್.

ಟಿಐಪಿ122, ಟಿಐಪಿ127ರಂಥ ಡಾರ್ಲಿಂಗ್‌ಟನ್‌ನಲ್ಲಿ ಒಳಗೆ ಎರಡು ಟ್ರಾನ್ಸಿಸ್ಟರ್ ಇರುವುದರಿಂದ ಬೇಸ್–ಎಮಿಟರ್ ಓದು ಹೆಚ್ಚು ಬರುತ್ತದೆ, ಒಳಗಿನ ರೆಸಿಸ್ಟರ್‌ಗಳಿಂದಾಗಿ ತಿರುಗಿಸಿ ಹಿಡಿದರೂ ಏನಾದರೂ ಓದು ಸಿಗುತ್ತದೆ. ಕಲೆಕ್ಟರ್–ಎಮಿಟರ್ ನಡುವೆ ಒಂದು ದಿಕ್ಕಿಗೆ ಡಯೋಡ್ ಕಾಣುತ್ತದೆ. ಇದನ್ನು ಕೆಟ್ಟಿದೆ ಎಂದುಕೊಂಡು ಬಿಸಾಡಬೇಡಿ.

ಜೋಡಿ ಜೋಡಿಯಾಗಿ ಪ್ಯಾರಲಲ್ ಹಾಕಿದ ಸೆಟ್ಟಿನಲ್ಲಿ ಒಂದು ಶಾರ್ಟ್ ಆಗಿದ್ದರೂ ಆ ಬದಿಯ ಎಲ್ಲವೂ ಬೀಪ್ ಎನ್ನುತ್ತವೆ. ಎಮಿಟರ್ ರೆಸಿಸ್ಟರ್‌ಗಳ ಒಂದೊಂದು ಕಾಲು ಎತ್ತಿ ಒಂಟಿಯಾಗಿ ನೋಡಬೇಕು. ಆ ರೆಸಿಸ್ಟರ್‌ಗಳನ್ನೂ ಅಳೆಯಿರಿ. 0.22, 0.33 ಅಥವಾ 0.47 ಓಮ್, 5 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಓಪನ್ ಆಗಿರುತ್ತದೆ. ಟ್ರಾನ್ಸಿಸ್ಟರ್ ಶಾರ್ಟ್ ಆದ ಬದಿಯಲ್ಲಂತೂ ಹೆಚ್ಚಿನ ಸಲ ಹೋಗಿರುತ್ತದೆ.

ಸತ್ತ ಟ್ರಾನ್ಸಿಸ್ಟರ್ ತೆಗೆಯುವಾಗ ಮೂರು ಕಾಲನ್ನೂ ಒಟ್ಟಿಗೆ ಬಿಸಿ ಮಾಡಿ ಎಳೆಯಬೇಡಿ. ಕಟರ್‌ನಿಂದ ಕಾಲುಗಳನ್ನು ಮೈಯ ಹತ್ತಿರ ಕತ್ತರಿಸಿ ಮೈಯನ್ನು ತೆಗೆದುಬಿಡಿ, ಆಮೇಲೆ ಒಂದೊಂದೇ ಕಾಲನ್ನು ಬೆಸುಗೆ ಕರಗಿಸಿ ತೆಗೆಯಿರಿ. ಹಳೇ ಬೋರ್ಡಿನ ತಾಮ್ರದ ಪ್ಯಾಡ್ ಎದ್ದು ಬರುವುದು ತಪ್ಪುತ್ತದೆ.

ಕೊಂದದ್ದು ಯಾವುದು?

ಔಟ್‌ಪುಟ್‌ನಿಂದ ಹಿಂದಕ್ಕೆ ನಡೆಯಿರಿ. ಮೊದಲು ಡ್ರೈವರ್ ಟ್ರಾನ್ಸಿಸ್ಟರ್‌ಗಳು, ಅಂದರೆ ಟಿಐಪಿ41ಸಿ–ಟಿಐಪಿ42ಸಿ, ಬಿಡಿ139–ಬಿಡಿ140, 2ಎಸ್‌ಸಿ4793–2ಎಸ್‌ಎ1837ರಂಥವು. ಔಟ್‌ಪುಟ್ ಶಾರ್ಟ್ ಆದಾಗ ರೈಲಿನ ವೋಲ್ಟೇಜ್ ಬೇಸ್ ಮೂಲಕ ಹಿಂದಕ್ಕೆ ನುಗ್ಗುವುದರಿಂದ ಇವು ಜೊತೆಯಲ್ಲೇ ಹೋಗುತ್ತವೆ. ಬೇಸ್‌ಗೆ ಸರಣಿಯಲ್ಲಿರುವ 2.2ರಿಂದ 10 ಓಮ್‌ನ ಸಣ್ಣ ರೆಸಿಸ್ಟರ್‌ಗಳು, ಡ್ರೈವರ್‌ನ 100–220 ಓಮ್ ಎಮಿಟರ್ ರೆಸಿಸ್ಟರ್‌ಗಳು ಬಣ್ಣ ಬದಲಿಸದೆಯೂ ಓಪನ್ ಆಗಿರಬಹುದು. ಎಲ್ಲವನ್ನೂ ಅಳೆಯಿರಿ.

ನಿಜವಾದ ಕೊಲೆಗಾರ ಹೆಚ್ಚಿನ ಸಲ ಬಯಸ್ ಭಾಗದಲ್ಲಿ, ಅಂದರೆ ಸಿಗ್ನಲ್ ಇಲ್ಲದಾಗಲೂ ಔಟ್‌ಪುಟ್‌ನಲ್ಲಿ ಸಣ್ಣ ಕರೆಂಟ್ ಹರಿಯುವಂತೆ ಇಡುವ ಭಾಗದಲ್ಲಿ ಇರುತ್ತದೆ. ಹೀಟ್‌ಸಿಂಕ್‌ಗೆ ತಾಗಿಸಿದ ಒಂದು ಸಣ್ಣ ಟ್ರಾನ್ಸಿಸ್ಟರ್ ಮತ್ತು ಒಂದು ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್), ಅಥವಾ ಸರಣಿಯಲ್ಲಿ ಮೂರು ನಾಲ್ಕು ಡಯೋಡ್. ಔಟ್‌ಪುಟ್ ಬಿಸಿಯಾದಂತೆ ಬಯಸ್ ಇಳಿಸುವುದು ಇದರ ಕೆಲಸ. ಈ ಟ್ರಾನ್ಸಿಸ್ಟರ್‌ನ ಬೇಸ್‌ಗೆ ಕರೆಂಟ್ ತಪ್ಪಿದರೆ ಬಯಸ್ ಏರುತ್ತದೆ, ಎರಡೂ ಬದಿಯ ಔಟ್‌ಪುಟ್ ಒಟ್ಟಿಗೆ ತೆರೆದುಕೊಂಡು ರೈಲಿನಿಂದ ರೈಲಿಗೆ ನೇರ ಕರೆಂಟ್ ಹರಿಯುತ್ತದೆ. ಬಯಲಿಗೆ ತೆರೆದಿರುವ ಕಾರ್ಬನ್ ಪ್ರಿಸೆಟ್‌ನ ಜಾರುಗೈ ಮಲೆನಾಡಿನ ಥಂಡಿಗೆ ಕಿಲುಬು ಹಿಡಿದು ಸಂಪರ್ಕ ಬಿಡುವುದು ಸರ್ವೇಸಾಮಾನ್ಯ. ಅದಕ್ಕೆ ಸ್ಪ್ರೇ ಹೊಡೆದು ಸಮಾಧಾನಪಟ್ಟುಕೊಳ್ಳದೆ ಮುಚ್ಚಿದ ಮಲ್ಟಿಟರ್ನ್ ಪ್ರಿಸೆಟ್‌ಗೆ ಬದಲಿಸಿ. ಹಾಕುವಾಗ ಜಾರುಗೈ ಬಿಟ್ಟುಹೋದರೂ ಬಯಸ್ ಕಡಿಮೆಯಾಗುವಂತೆ, ಅಂದರೆ ಪ್ರಿಸೆಟ್ ಬೇಸ್ ಮತ್ತು ಎಮಿಟರ್ ನಡುವಿನ ಭಾಗದಲ್ಲಿ ಇರುವಂತೆ ಜೋಡಿಸಲು ಬೋರ್ಡ್ ಅವಕಾಶ ಕೊಟ್ಟರೆ ಹಾಗೇ ಮಾಡಿ.

ಇನ್ನೊಂದು ಕಾರಣ ಆಸಿಲೇಶನ್. ಔಟ್‌ಪುಟ್ ಹತ್ತಿರ 10 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸರಣಿಯಲ್ಲಿ ಗ್ರೌಂಡ್‌ಗೆ ಹೋಗಿರುತ್ತವೆ. ಆ 10 ಓಮ್ ಕಪ್ಪಾಗಿದ್ದರೆ ಕಿವಿಗೆ ಕೇಳದ ಫ್ರೀಕ್ವೆನ್ಸಿಯಲ್ಲಿ ಸೆಟ್ಟು ಕಂಪಿಸಿದೆ ಎಂದರ್ಥ. ಹಿಂದೆ ಯಾರೋ ಹೊಂದದ ಟ್ರಾನ್ಸಿಸ್ಟರ್ ಹಾಕಿದ್ದರ ಗುರುತೂ ಇದೇ.

ನಂಬರ್ ಓದುವುದು

ಜಪಾನ್ ಕ್ರಮದಲ್ಲಿ 2ಎಸ್‌ಎ, 2ಎಸ್‌ಬಿ ಅಂದರೆ ಪಿಎನ್‌ಪಿ. 2ಎಸ್‌ಸಿ, 2ಎಸ್‌ಡಿ ಅಂದರೆ ಎನ್‌ಪಿಎನ್. ಮೈಮೇಲೆ "2ಎಸ್" ಬಿಟ್ಟು ಬರೀ ಸಿ5200, ಎ1943, ಡಿ718, ಬಿ688 ಎಂದಷ್ಟೇ ಅಚ್ಚಾಗಿರುತ್ತದೆ. ಯುರೋಪಿನ ಕ್ರಮದಲ್ಲಿ ಮೊದಲ ಅಕ್ಷರ ಬಿ ಅಂದರೆ ಸಿಲಿಕಾನ್. ಎರಡನೆಯದು ಸಿ ಆದರೆ ಸಣ್ಣ ಸಿಗ್ನಲ್, ಡಿ ಆದರೆ ಪವರ್. ಎನ್‌ಪಿಎನ್ನೋ ಪಿಎನ್‌ಪಿಯೋ ಎಂಬುದು ಇಲ್ಲಿ ಅಕ್ಷರದಿಂದ ತಿಳಿಯುವುದಿಲ್ಲ. 2ಎನ್ ಎಂದು ಶುರುವಾಗುವ ಅಮೆರಿಕದ ನಂಬರಿಗೂ ಅಂಥ ಸೂಚನೆ ಇಲ್ಲ. ನಂಬರಿನ ಕೊನೆಯ ಅಕ್ಷರ ಗೇನ್ (ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರ್‌ನಲ್ಲಿ ಹರಿಯುತ್ತದೆ ಎಂಬುದು) ಗುಂಪು: 2ಎಸ್‌ಸಿ5200ರಲ್ಲಿ ಆರ್ ಎಂದರೆ 55–110, ಓ ಎಂದರೆ 80–160. ಆದರೆ ಟಿಐಪಿ41ರ ಕೊನೆಯ ಸಿ ಗೇನ್ ಅಲ್ಲ, 100 ವೋಲ್ಟ್‌ನದ್ದು ಎಂಬ ಗುರುತು.

ಕೆಲವು ಕಂಪನಿಗಳು ಒಂದೇ ಬಗೆಯ ಟ್ರಾನ್ಸಿಸ್ಟರ್ ಅನ್ನು ತಮ್ಮ ನಂಬರಿನಲ್ಲಿ ಮಾರುತ್ತವೆ. ಎಫ್‌ಜೆಎಲ್4315 ಎಂದರೆ 2ಎಸ್‌ಸಿ5200ರ ಸಮಾನ, ಎಫ್‌ಜೆಎಲ್4215 ಎಂದರೆ 2ಎಸ್‌ಎ1943ರ ಸಮಾನ. ಟಿಟಿಸಿ5200, ಟಿಟಿಎ1943 ಆ ಜೋಡಿಯ ಹೊಸ ರೂಪ.

ಕಾಲಿನ ಕ್ರಮದಲ್ಲಿ ಮೋಸ ಹೋಗುವುದು ಸುಲಭ. ಅಕ್ಷರ ನಮ್ಮ ಕಡೆ ಮುಖಮಾಡಿ, ಕಾಲು ಕೆಳಗಿದ್ದರೆ ಎಡದಿಂದ ಬಲಕ್ಕೆ: ಬಿಸಿ547 ಕಲೆಕ್ಟರ್–ಬೇಸ್–ಎಮಿಟರ್, 2ಎನ್5551 ಮತ್ತು 2ಎನ್5401 ಎಮಿಟರ್–ಬೇಸ್–ಕಲೆಕ್ಟರ್, 2ಎಸ್‌ಸಿ1815, 2ಎಸ್‌ಎ1015 ಎಮಿಟರ್–ಕಲೆಕ್ಟರ್–ಬೇಸ್. ಬಿಡಿ139, ಎಂಜೆಇ340 ಎಮಿಟರ್–ಕಲೆಕ್ಟರ್–ಬೇಸ್ ಆದರೆ ಟಿಐಪಿ41, 2ಎಸ್‌ಸಿ4793, 2ಎಸ್‌ಸಿ5200 ಮೂರೂ ಬೇಸ್–ಕಲೆಕ್ಟರ್–ಎಮಿಟರ್. ಬಿಡಿ139 ಇದ್ದ ಜಾಗಕ್ಕೆ ಟಿಐಪಿ41 ಹಾಕುವುದಾದರೆ ಅಕ್ಷರವಿರುವ ಮುಖ ಹಿಂದಕ್ಕೆ ತಿರುಗಿಸಬೇಕಾಗುತ್ತದೆ.

ನಂಬರೇ ಉಜ್ಜಿಹಾಕಿದ್ದರೆ ಸರ್ಕ್ಯೂಟ್ ಓದಿ. ಕಲೆಕ್ಟರ್ ಪ್ಲಸ್ ರೈಲಿಗೆ ಹೋಗಿದ್ದು ಎನ್‌ಪಿಎನ್, ಮೈನಸ್ ರೈಲಿಗೆ ಹೋಗಿದ್ದು ಪಿಎನ್‌ಪಿ. ಆದರೆ ಹಳೆಯ ಪಿಎ ಸೆಟ್ಟುಗಳು ಬಹಳಷ್ಟು ಕ್ವಾಸಿ-ಕಾಂಪ್ಲಿಮೆಂಟರಿ. ಮೇಲೆ ಕೆಳಗೆ ಎರಡೂ 2ಎನ್3055. ಅಲ್ಲಿ ಕೆಳಗಿನದರ ಎಮಿಟರ್ ಮೈನಸ್ ಕಡೆಗಿರುತ್ತದೆ, ಕಲೆಕ್ಟರ್ ಔಟ್‌ಪುಟ್‌ಗೆ. ಇದನ್ನು ನೋಡದೆ "ಜೋಡಿ" ಎಂದು ಎಂಜೆ2955 ಹಾಕಿದರೆ ಆನ್ ಮಾಡಿದ ಕೂಡಲೇ ಹೋಗುತ್ತದೆ.

ಬದಲಿ ಆರಿಸುವ ಲೆಕ್ಕ

ಅಂಗಡಿಯಲ್ಲಿ "ಇದರ ಈಕ್ವಿವಲೆಂಟ್ ಕೊಡಿ" ಎಂದು ಕೇಳುವ ಮುಂಚೆ ರೈಲಿನ ವೋಲ್ಟೇಜ್ ಅಳೆದುಕೊಂಡು ಹೋಗಿ. ±56 ವೋಲ್ಟ್ ಇದ್ದರೆ, ಔಟ್‌ಪುಟ್ ಒಂದು ತುದಿಗೆ ಹೋದಾಗ ಎದುರಿನ ಟ್ರಾನ್ಸಿಸ್ಟರ್ ಮೇಲೆ 112 ವೋಲ್ಟ್ ಬೀಳುತ್ತದೆ. ಮೇನ್ಸ್ ಶೇಕಡಾ 10 ಏರಿದರೆ 123. ಹೀಗಾಗಿ ಕಲೆಕ್ಟರ್–ಎಮಿಟರ್ ವೋಲ್ಟೇಜ್ 140ಕ್ಕಿಂತ ಕಡಿಮೆಯದು ಅಲ್ಲಿಗೆ ಆಗುವುದೇ ಇಲ್ಲ. ನಮ್ಮ ಕಡೆಯ ಲೈನಿನ ಏರಿಳಿತ ನೋಡಿದರೆ 200ರ ಮೇಲಿನದ್ದೇ ಲೇಸು. 2ಎನ್3055 ತಡೆಯುವುದು 60 ವೋಲ್ಟ್ ಅಷ್ಟೇ, ±25ಕ್ಕಿಂತ ಮೇಲೆ ಅದನ್ನು ಒಯ್ಯಬಾರದು.

ಸ್ಥೂಲವಾಗಿ ಹೀಗೆ. ಲೋಹದ ಟಿಒ-3 ಮೈಯಲ್ಲಿ: 2ಎನ್3055 ಮತ್ತು ಎಂಜೆ2955, 60 ವೋಲ್ಟ್, 15 ಆಂಪಿಯರ್, 115 ವ್ಯಾಟ್. 2ಎನ್3773, 140 ವೋಲ್ಟ್, 16 ಆಂಪಿಯರ್, 150 ವ್ಯಾಟ್. ಎಂಜೆ15003 ಮತ್ತು ಎಂಜೆ15004, 140 ವೋಲ್ಟ್, 20 ಆಂಪಿಯರ್, 250 ವ್ಯಾಟ್. ಎಂಜೆ15024 ಮತ್ತು ಎಂಜೆ15025, 250 ವೋಲ್ಟ್, 16 ಆಂಪಿಯರ್, 250 ವ್ಯಾಟ್. ಪ್ಲಾಸ್ಟಿಕ್ ಮೈಯಲ್ಲಿ: ಟಿಐಪಿ35ಸಿ ಮತ್ತು ಟಿಐಪಿ36ಸಿ, 100 ವೋಲ್ಟ್, 25 ಆಂಪಿಯರ್, 125 ವ್ಯಾಟ್. 2ಎಸ್‌ಸಿ5198 ಮತ್ತು 2ಎಸ್‌ಎ1941, 140 ವೋಲ್ಟ್, 10 ಆಂಪಿಯರ್, 100 ವ್ಯಾಟ್. 2ಎಸ್‌ಸಿ5200 ಮತ್ತು 2ಎಸ್‌ಎ1943, 230 ವೋಲ್ಟ್, 15 ಆಂಪಿಯರ್, 150 ವ್ಯಾಟ್. ಅಗಲ ಮೈಯ ಸ್ಯಾಂಕೆನ್ 2ಎಸ್‌ಸಿ2922 ಮತ್ತು 2ಎಸ್‌ಎ1216, 180 ವೋಲ್ಟ್, 17 ಆಂಪಿಯರ್, 200 ವ್ಯಾಟ್.

ಇಲ್ಲಿನ ವ್ಯಾಟ್ ಅಂಕಿ ಮೈಯ ಬಿಸಿ 25 ಡಿಗ್ರಿಯಲ್ಲಿದ್ದಾಗಿನದು. 2ಎಸ್‌ಸಿ5200ರಲ್ಲಿ ಮೈ ಬಿಸಿ ಒಂದು ಡಿಗ್ರಿ ಏರಿದರೆ 1.2 ವ್ಯಾಟ್ ಕಳೆಯಬೇಕು, 75 ಡಿಗ್ರಿಗೆ ಉಳಿಯುವುದು 90 ವ್ಯಾಟ್. ವೋಲ್ಟೇಜ್ ಹೆಚ್ಚಿದ್ದಾಗ ಅದಕ್ಕಿಂತಲೂ ಕಡಿಮೆ ತಡೆಯುತ್ತದೆ. ಆದ್ದರಿಂದ 8 ಓಮ್ ಲೋಡಿಗೆ ಪ್ರತಿ 100 ವ್ಯಾಟ್‌ಗೆ ಒಂದು ಜೋಡಿ ಎಂಬ ಲೆಕ್ಕ ಇಟ್ಟುಕೊಳ್ಳಿ. ಒಂದೇ ಜೋಡಿಯಲ್ಲಿ 200 ವ್ಯಾಟ್ ಎಂದು ಬರೆದ ಬೋರ್ಡುಗಳನ್ನು ಜಾತ್ರೆಗೆ ನಂಬಬೇಡಿ.

ವೇಗವೂ ಲೆಕ್ಕಕ್ಕೆ ಬರುತ್ತದೆ. 2ಎನ್3055ರ ವೇಗ ಸುಮಾರು 2.5 ಮೆಗಾಹರ್ಟ್ಸ್, 2ಎಸ್‌ಸಿ5200ದ್ದು 30. ನಿಧಾನದ ಟ್ರಾನ್ಸಿಸ್ಟರ್‌ಗೆಂದು ಮಾಡಿದ ಹಳೇ ಬೋರ್ಡಿಗೆ ವೇಗದ್ದು ಹಾಕಿದರೆ ಆಸಿಲೇಶನ್ ಬರಬಹುದು. ಸಿಗ್ನಲ್ ಇಲ್ಲದೆಯೇ ಹೀಟ್‌ಸಿಂಕ್ ಕಾಯುತ್ತದೆ. ಬೇಸ್‌ಗೆ 4.7 ಓಮ್ ಸರಣಿಯಲ್ಲಿ, ಟ್ರಾನ್ಸಿಸ್ಟರ್‌ನ ಕಾಲಿಗೆ ತೀರಾ ಹತ್ತಿರವಾಗಿ ಹಾಕಿದರೆ ಬಹುಪಾಲು ನಿಲ್ಲುತ್ತದೆ. ವೇಗದ ಜಾಗಕ್ಕೆ ನಿಧಾನದ್ದು ಹಾಕುವುದು ಇದಕ್ಕಿಂತ ಕೆಟ್ಟದ್ದು, ಅದನ್ನು ಮಾಡಲೇಬೇಡಿ.

ಎನ್‌ಪಿಎನ್ ಮಾತ್ರ ಹೋಗಿದ್ದರೂ ಎದುರಿನ ಪಿಎನ್‌ಪಿಯನ್ನೂ ಬದಲಿಸಿ. ಅದು ಆ ಏಟನ್ನು ತಿಂದೇ ಉಳಿದದ್ದು.

ನಕಲಿ ಮಾಲು

2ಎಸ್‌ಸಿ5200, 2ಎಸ್‌ಎ1943, ಸ್ಯಾಂಕೆನ್ ಜೋಡಿಗಳ ನಕಲಿ ಎಲ್ಲ ಕಡೆ ಇದೆ. ಶಿವಮೊಗ್ಗದ ಅಂಗಡಿಗೂ ಬರುತ್ತದೆ, ಬೆಂಗಳೂರಿನ ಎಸ್‌.ಪಿ. ರೋಡಿನಲ್ಲೂ ಸಿಗುತ್ತದೆ. ಮೇಲಿನ ಅಚ್ಚು ನೋಡಿ ತೀರ್ಮಾನಿಸಲಾಗದು. ಒಳಗಿನ ಚಿಪ್ಪು ಚಿಕ್ಕದಾಗಿರುವುದೇ ನಕಲಿಯ ಮೋಸ. ಡಯೋಡ್ ಪರೀಕ್ಷೆಯಲ್ಲಿ ಅದೂ ಸರಿಯಾಗೇ ತೋರುತ್ತದೆ, ಮಲ್ಟಿಮೀಟರ್‌ನ ಗೇನ್ ತೂತು ಅಳೆಯುವ ಕರೆಂಟ್ ತೀರಾ ಸಣ್ಣದು, ಅದರಿಂದಲೂ ಗೊತ್ತಾಗದು.

ಒಂದು 12 ವೋಲ್ಟ್ ಬ್ಯಾಟರಿ, 5 ಆಂಪಿಯರ್ ಫ್ಯೂಸ್, 1 ಓಮ್ 10 ವ್ಯಾಟ್, 1 ಕಿಲೋ ಓಮ್ ಅರ್ಧ ವ್ಯಾಟ್, 330 ಓಮ್ 1 ವ್ಯಾಟ್, ಇಷ್ಟಿದ್ದರೆ ಪರೀಕ್ಷೆ ಮಾಡಬಹುದು. ಟ್ರಾನ್ಸಿಸ್ಟರ್ ಅನ್ನು ಹೀಟ್‌ಸಿಂಕ್‌ಗೆ ಬಿಗಿಯಿರಿ. ಎನ್‌ಪಿಎನ್ ಆದರೆ ಎಮಿಟರ್ ಬ್ಯಾಟರಿಯ ಮೈನಸ್‌ಗೆ, ಕಲೆಕ್ಟರ್ 1 ಓಮ್ ಮೂಲಕ ಪ್ಲಸ್‌ಗೆ. ಬೇಸ್‌ಗೆ 1 ಕಿಲೋ ಓಮ್ ಮೂಲಕ ಪ್ಲಸ್ ಮುಟ್ಟಿಸಿ. ಬೇಸ್ ಕರೆಂಟ್ ಸುಮಾರು 12 ಮಿಲಿಆಂಪಿಯರ್. 1 ಓಮ್ ಮೇಲೆ 0.95 ವೋಲ್ಟ್ ಬಂದರೆ ಕಲೆಕ್ಟರ್ ಕರೆಂಟ್ 0.95 ಆಂಪಿಯರ್, ಗೇನ್ ಸುಮಾರು 80. ಈಗ 1 ಕಿಲೋ ಬದಲು 330 ಓಮ್ ಮುಟ್ಟಿಸಿ, ಬೇಸ್ ಕರೆಂಟ್ 36 ಮಿಲಿಆಂಪಿಯರ್ ಆಗುತ್ತದೆ. ಅಸಲಿಯಾದರೆ 1 ಓಮ್ ಮೇಲೆ 2.8 ವೋಲ್ಟ್ ಆಸುಪಾಸು, ಅಂದರೆ ಮೂರುಪಟ್ಟು ಬರುತ್ತದೆ. ಸಣ್ಣ ಚಿಪ್ಪಿನದು ಅಷ್ಟು ಏರದೆ ಮಧ್ಯದಲ್ಲೇ ಕುಸಿಯುತ್ತದೆ. ಪ್ರತಿ ಸಲ 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಪಿಎನ್‌ಪಿಗೆ ಬ್ಯಾಟರಿ ತುದಿ ಅದಲುಬದಲು.

ಇದೇ ಜೋಡಣೆಯಲ್ಲಿ ಪ್ಯಾರಲಲ್ ಹಾಕುವ ಟ್ರಾನ್ಸಿಸ್ಟರ್‌ಗಳನ್ನು ಹೊಂದಿಸಿಕೊಳ್ಳಬಹುದು. ಒಂದೇ ಬ್ಯಾಚಿನವು, ಗೇನ್ ವ್ಯತ್ಯಾಸ ಶೇಕಡಾ 10–15ರೊಳಗೆ ಇದ್ದರೆ ಸಾಕು. ಕೆಪಾಸಿಟೆನ್ಸ್ ಮೀಟರ್ ಇರುವವರು ಹಳೇ ಅಸಲಿಯ ಬೇಸ್–ಕಲೆಕ್ಟರ್ ಕೆಪಾಸಿಟೆನ್ಸ್ ಅಳೆದು ಹೊಸತಿನ ಜೊತೆ ಹೋಲಿಸಿ. ಅರ್ಧಕ್ಕಿಂತ ಕಡಿಮೆ ಬಂದರೆ ಒಳಗಿನ ಚಿಪ್ಪು ಚಿಕ್ಕದು.

ಕೂರಿಸುವುದು

ಹೀಟ್‌ಸಿಂಕ್ ಮೇಲಿನ ಒಣಗಿದ ಪೇಸ್ಟ್ ಪೂರ್ತಿ ತೆಗೆದು, ತೂತಿನ ಅಂಚಿನ ಚೂಪನ್ನು ದೊಡ್ಡ ಡ್ರಿಲ್ ಬಿಟ್ ಕೈಯಲ್ಲಿ ತಿರುಗಿಸಿ ನಯ ಮಾಡಿ. ಮೈಕಾ ಹಾಳೆ ಹೊಸತು ಹಾಕಿ. ಎರಡೂ ಕಡೆ ಪೇಸ್ಟ್ ತೀರಾ ತೆಳ್ಳಗೆ, ಮೈಕಾ ಆರಪಾರ ಕಾಣುವಷ್ಟು ಮಾತ್ರ. ದೋಸೆಗೆ ಬೆಣ್ಣೆ ಹಚ್ಚಿದಂತೆ ಬಳಿದರೆ ಬಿಸಿ ದಾಟುವುದಿಲ್ಲ. ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಮರೆಯಬೇಡಿ. ಮೊದಲು ಸ್ಕ್ರೂ ಬಿಗಿದು ಆಮೇಲೆ ಕಾಲು ಬೆಸೆಯಿರಿ, ಉಲ್ಟಾ ಮಾಡಿದರೆ ಬೆಸುಗೆ ಒತ್ತಡದಲ್ಲಿದ್ದು ಕ್ರಮೇಣ ಬಿರಿಯುತ್ತದೆ. ಕೊನೆಗೆ ಪ್ರತಿ ಕಲೆಕ್ಟರ್‌ನಿಂದ ಹೀಟ್‌ಸಿಂಕ್‌ಗೆ 20 ಮೆಗಾಓಮ್ ರೇಂಜಿನಲ್ಲಿ ಅಳೆಯಿರಿ. ಪೂರ್ತಿ ಓಪನ್ ಇರಬೇಕು. ಏನಾದರೂ ಓದು ಬಂದರೆ ಮೈಕಾ ಥಂಡಿ ಹಿಡಿದಿದೆ ಅಥವಾ ಲೋಹದ ಚೂರು ಚುಚ್ಚಿದೆ.

ಔಟ್‌ಪುಟ್ ಇಲ್ಲದೆಯೇ ಮೊದಲ ಚಾಲನೆ

ಎನ್‌ಪಿಎನ್–ಪಿಎನ್‌ಪಿ ಜೋಡಿ ಇರುವ ಸಾಮಾನ್ಯ ಬೋರ್ಡಿನಲ್ಲಿ ಹೊಸ ಔಟ್‌ಪುಟ್ ಹಾಕುವ ಮೊದಲೇ ಉಳಿದ ಭಾಗವನ್ನು ಪರೀಕ್ಷಿಸಬಹುದು. ಈ ಒಂದು ಹೆಜ್ಜೆ ಬಿಡದೆ ಮಾಡಿದರೆ ಹೊಸ ಟ್ರಾನ್ಸಿಸ್ಟರ್ ಸುಡುವುದು ಬಹುತೇಕ ನಿಂತೇಹೋಗುತ್ತದೆ. ಪ್ರತಿ ಬದಿಯಲ್ಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ನ ಬೇಸ್ ತೂತಿನಿಂದ ಎಮಿಟರ್ ತೂತಿಗೆ 100 ಓಮ್, ಅರ್ಧ ವ್ಯಾಟ್ ರೆಸಿಸ್ಟರ್ ಒಂದೊಂದು ಬೆಸೆಯಿರಿ. ಈಗ ಡ್ರೈವರ್‌ಗಳೇ ಔಟ್‌ಪುಟ್ ಆಗಿ ಕೆಲಸ ಮಾಡುತ್ತವೆ, ಫೀಡ್‌ಬ್ಯಾಕ್ ಸುತ್ತು (ಔಟ್‌ಪುಟ್‌ನ ಒಂದಂಶ ಇನ್‌ಪುಟ್ ಕಡೆಗೆ ಮರಳುವ ದಾರಿ) ಪೂರ್ತಿಯಾಗುತ್ತದೆ. ಸ್ಪೀಕರ್ ಬೇಡ, ಸಿಗ್ನಲ್ ಬೇಡ, ವಾಲ್ಯೂಮ್ ಸೊನ್ನೆ. ಬಯಸ್ ಪ್ರಿಸೆಟ್ ಕನಿಷ್ಠಕ್ಕೆ ತಿರುಗಿಸಿ.

60 ವ್ಯಾಟ್ ಸೀರೀಸ್ ಲ್ಯಾಂಪಿನಲ್ಲಿ ಆನ್ ಮಾಡಿ. ಬಲ್ಬು ಒಮ್ಮೆ ಮಿಂಚಿ ಒಂದೆರಡು ಸೆಕೆಂಡಿನಲ್ಲಿ ಮಂಕಾದರೆ ಸರಿ. ಪೂರ್ತಿ ಬೆಳಕು ಉಳಿದರೆ ತಕ್ಷಣ ಆಫ್ ಮಾಡಿ, ರೆಕ್ಟಿಫೈಯರ್, ಕೆಪಾಸಿಟರ್, ಟ್ರಾನ್ಸ್‌ಫಾರ್ಮರ್ ಕಡೆಯಿಂದ ಮತ್ತೆ ಹುಡುಕಿ. ಮಂಕಾಗಿದ್ದರೆ ಔಟ್‌ಪುಟ್‌ನಿಂದ ಗ್ರೌಂಡ್‌ಗೆ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿರಬೇಕು. ರೈಲಿನಷ್ಟೇ ವೋಲ್ಟೇಜ್ ಬಂದು ನಿಂತಿದ್ದರೆ ಇನ್‌ಪುಟ್ ಜೋಡಿ ಟ್ರಾನ್ಸಿಸ್ಟರ್, ಅದರ ಹಿಂದಿನ ವೋಲ್ಟೇಜ್ ಆಂಪ್ಲಿಫೈಯರ್ ಟ್ರಾನ್ಸಿಸ್ಟರ್, ಇಲ್ಲವೇ ಫೀಡ್‌ಬ್ಯಾಕ್ ರೆಸಿಸ್ಟರ್ ಕೆಟ್ಟಿದೆ. ಎರಡು ಡ್ರೈವರ್‌ಗಳ ಬೇಸ್ ನಡುವೆ ಅಳೆದು ಪ್ರಿಸೆಟ್ ನಿಧಾನ ತಿರುಗಿಸಿ; 2.2ರಿಂದ 2.4 ವೋಲ್ಟ್ ದಾಟಿಸುವ ಹಾಗೆ ಏರಿಳಿಯಬೇಕು. ಪ್ರಿಸೆಟ್ ತಿರುಗಿಸಿದರೂ ಅದು 4–5 ವೋಲ್ಟ್‌ನಲ್ಲೇ ನಿಂತಿದ್ದರೆ ಬಯಸ್ ಟ್ರಾನ್ಸಿಸ್ಟರ್ ಸತ್ತಿದೆ, ಹಳೇ ಔಟ್‌ಪುಟ್ ಸುಟ್ಟದ್ದು ಅದರಿಂದಲೇ.

ಎಲ್ಲ ಸರಿಯಿದ್ದರೆ ಪ್ರಿಸೆಟ್ ಮತ್ತೆ ಕನಿಷ್ಠಕ್ಕೆ ತಂದು, ಕೆಪಾಸಿಟರ್ ಖಾಲಿ ಮಾಡಿ, 100 ಓಮ್‌ಗಳನ್ನು ತೆಗೆದು ಔಟ್‌ಪುಟ್ ಟ್ರಾನ್ಸಿಸ್ಟರ್ ಹಾಕಿ. ಮತ್ತೆ ಲ್ಯಾಂಪಿನಲ್ಲೇ ಆನ್ ಮಾಡಿ. ಮಂಕಾದರೆ ಲ್ಯಾಂಪ್ ತೆಗೆದು ನೇರ ಮೇನ್ಸ್‌ಗೆ ಹಾಕಿ, ಒಂದು ಎಮಿಟರ್ ರೆಸಿಸ್ಟರ್‌ನ ಎರಡು ತುದಿಗೆ ಮಿಲಿವೋಲ್ಟ್ ಮೀಟರ್ ಇಡಿ. 0.22 ಓಮ್ ಆದರೆ 6ರಿಂದ 8 ಮಿಲಿವೋಲ್ಟ್, ಅಂದರೆ ಸುಮಾರು 30 ಮಿಲಿಆಂಪಿಯರ್, ಪಿಎ ಕೆಲಸಕ್ಕೆ ಧಾರಾಳ. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಬಿಸಿಯಾದಂತೆ ಓದು ಏರುತ್ತಲೇ ಹೋದರೆ ಬಯಸ್ ಟ್ರಾನ್ಸಿಸ್ಟರ್ ಹೀಟ್‌ಸಿಂಕ್‌ಗೆ ಸರಿಯಾಗಿ ತಾಗಿಲ್ಲ. ಈ ಒಂದು ಸ್ಕ್ರೂ ಮರೆತುಹೋಗುವುದು ಬಹಳ.

ಲೋಡ್ ಮತ್ತು ಲೈನ್

ಸ್ಪೀಕರ್ ಹಾಕುವ ಮೊದಲು ಡಮ್ಮಿ ಲೋಡ್ ಹಾಕಿ. 8.2 ಓಮ್, 10 ವ್ಯಾಟ್ ನಾಲ್ಕು ರೆಸಿಸ್ಟರ್, ಎರಡೆರಡು ಸರಣಿ ಮಾಡಿ ಪ್ಯಾರಲಲ್ ಕಟ್ಟಿದರೆ 8.2 ಓಮ್, 40 ವ್ಯಾಟ್. ಅಷ್ಟರೊಳಗೆ ಹತ್ತು ನಿಮಿಷ ಓಡಿಸಿ. ಧ್ವನಿ ಸಣ್ಣದಿದ್ದಾಗ ತುಂಡು ತುಂಡಾಗಿ, ದೊಡ್ಡದು ಮಾಡಿದರೆ ಸರಿಯಾಗಿ ಬರುತ್ತಿದ್ದರೆ ಸ್ಪೀಕರ್ ರಿಲೇಯ ಕಾಂಟ್ಯಾಕ್ಟ್ ಕಿಲುಬು ಹಿಡಿದಿದೆ, ರಿಲೇಯನ್ನೇ ಬದಲಿಸಿ.

100 ವೋಲ್ಟ್ ಲೈನಿನ ಸೆಟ್ಟಿನಲ್ಲಿ (ಉದ್ದ ತಂತಿಯಲ್ಲಿ ಹೆಚ್ಚು ವೋಲ್ಟೇಜಿನಲ್ಲಿ ಧ್ವನಿ ಕಳಿಸಿ, ಪ್ರತಿ ಹಾರ್ನ್‌ಗೂ ಒಂದು ಟ್ರಾನ್ಸ್‌ಫಾರ್ಮರ್ ಇಡುವ ಬಗೆ) ಹಾರ್ನ್‌ಗಳ ಲೆಕ್ಕ ತಪ್ಪುವುದರಿಂದಲೇ ಬಹಳಷ್ಟು ಔಟ್‌ಪುಟ್ ಹೋಗುತ್ತವೆ. 100 ವ್ಯಾಟ್ ಸೆಟ್ಟಿನ 100 ವೋಲ್ಟ್ ಟರ್ಮಿನಲ್ ಹೊರಬಲ್ಲ ಲೋಡ್ 100 ಓಮ್. ಪ್ರತಿ ಹಾರ್ನ್‌ನ ಲೈನ್ ಟ್ರಾನ್ಸ್‌ಫಾರ್ಮರ್ ಯಾವ ವ್ಯಾಟ್ ಟ್ಯಾಪ್‌ನಲ್ಲಿದೆ ನೋಡಿ ಕೂಡಿಸಿ. 15 ವ್ಯಾಟ್ ಟ್ಯಾಪಿನ ಹತ್ತು ಹಾರ್ನ್ ಅಂದರೆ 150 ವ್ಯಾಟ್, 100 ವ್ಯಾಟ್ ಸೆಟ್ಟಿಗೆ ಅದು ಹೆಚ್ಚಾಯಿತು. ಟ್ಯಾಪ್ ಇಳಿಸಬೇಕು ಅಥವಾ ಆರೇ ಹಾಕಬೇಕು. ಟ್ರಾನ್ಸ್‌ಫಾರ್ಮರ್ ಇಲ್ಲದ 8 ಓಮ್ ಹಾರ್ನ್ ಒಂದೇ ಒಂದು ತಪ್ಪಿ ಆ ಲೈನಿಗೆ ಸೇರಿದರೂ ಸೆಟ್ಟು ಉಳಿಯದು.

ಸಾಗರದ ಮಾರಿಕಾಂಬಾ ಜಾತ್ರೆಯಂಥ ದೊಡ್ಡ ಕಾರ್ಯಕ್ರಮಕ್ಕೆ ಅಡಿಕೆ ಮರ, ಬೇಲಿ, ಕಂಬಗಳ ಮೇಲೆ ಅರ್ಧ ಕಿಲೋಮೀಟರ್ ತಂತಿ ಎಳೆದಿದ್ದರೆ ಅದೇ ಸಿಡಿಲಿಗೆ ದಾರಿ. ಏಪ್ರಿಲ್–ಮೇ ತಿಂಗಳ ಸಂಜೆಯ ಗುಡುಗಿಗೆ ಮೇನ್ಸ್ ಪ್ಲಗ್ ಕಿತ್ತರೆ ಸಾಲದು, ಸಿಡಿಲು ಹತ್ತಿರ ಬರುವ ಮೊದಲೇ ಲೈನ್ ತಂತಿ, ಉದ್ದದ ಮೈಕ್ ತಂತಿಗಳನ್ನೂ ಸೆಟ್ಟಿನಿಂದ ಬಿಚ್ಚಿಟ್ಟಿರಬೇಕು. ಗುಡುಗು ತಲೆಯ ಮೇಲೆ ಬಂದ ಮೇಲೆ ಆ ತಂತಿಯನ್ನು ಮುಟ್ಟುವುದೇ ಬೇಡ.